ದೊಡ್ಡಕರುಳಿನ ಕ್ಯಾನ್ಸರ್: ಟಿ ಕೋಶ ಗ್ರಾಹಿಗಳ ಜೀನ್ ಅಭಿವ್ಯಕ್ತಿ ಮತ್ತು ಹಿಂದಿನ ವೈರಸ್ ಸೋಂಕು

ದೊಡ್ಡಕರುಳು ಮತ್ತು ಗುದನಾಳದ ಗೆಡ್ಡೆಗಳಲ್ಲಿ ಕ್ಯಾನ್ಸರ್ ಕೋಶಗಳ ನಡುವೆ ರೋಗನಿರೋಧಕ ಟಿ ಕೋಶಗಳೂ ಸೇರಿಕೊಂಡಿರುತ್ತವೆ. ಅವುಗಳಲ್ಲಿ ಯಾವ ಗ್ರಾಹಿಗಳ ಜೀನ್‌ಗಳು ಅಭಿವ್ಯಕ್ತಗೊಂಡಿವೆ, ಆ ಗ್ರಾಹಿಗಳಲ್ಲಿ ಯಾವುವು ಗೆಡ್ಡೆಯನ್ನು ಗುರುತಿಸುತ್ತವೆ, ಯಾವುವು ರೋಗಿಗೆ ಹಿಂದೆಂದೋ ತಗುಲಿದ್ದ ವೈರಸ್ಸುಗಳನ್ನು ಗುರುತಿಸುತ್ತವೆ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಮಹತ್ವ ಪಡೆದಿದೆ. 2022ರ ಅಂದಾಜಿನಂತೆ ಜಗತ್ತಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಮಂದಿ ಸತ್ತರು.

ಟಿ ಕೋಶದ ಗ್ರಾಹಿ ಸಾಮಾನ್ಯವಾಗಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಸರಪಣಿಗಳಿಂದ ಆಗಿರುತ್ತದೆ. ಮನುಷ್ಯರಲ್ಲಿ ಆಲ್ಫಾದ ಜೀನ್ ತುಣುಕುಗಳು 14ನೇ ವರ್ಣತಂತುವಿನಲ್ಲೂ ಬೀಟಾದವು 7ನೆಯದರಲ್ಲೂ ಇವೆ. ಥೈಮಸ್ ಗ್ರಂಥಿಯಲ್ಲಿ ಕೋಶ ಬೆಳೆಯುವಾಗ ವಿ, ಡಿ, ಜೆ ಎಂಬ ತುಣುಕುಗಳು ಕತ್ತರಿಸಿ ಕೂಡಿಕೊಳ್ಳುತ್ತವೆ (ಆಲ್ಫಾ ಸರಪಣಿಯಲ್ಲಿ ಡಿ ಇರುವುದಿಲ್ಲ). ಪ್ರತಿಕಾಯಗಳ ಜೀನ್‌ಗಳಲ್ಲಿ ಇಂಥ ಮರುಜೋಡಣೆ ನಡೆಯುವುದನ್ನು ತೋರಿಸಿದ ಸುಸುಮು ಟೊನೆಗಾವಾ ಅವರಿಗೆ 1987ರ ನೊಬೆಲ್ ಪ್ರಶಸ್ತಿ ಬಂತು. ತುಣುಕುಗಳು ಕೂಡುವ ಜಾಗವಾದ ಸಿಡಿಆರ್3 ಎಂಬ ಭಾಗವೇ ಹೆಚ್ಚಾಗಿ ಶತ್ರುವಿನ ಪ್ರೋಟೀನ್ ತುಣುಕನ್ನು ಮುಟ್ಟಿ ಗುರುತಿಸುವಂಥದು. ಒಮ್ಮೆ ಆದ ಜೋಡಣೆ ಆ ಕೋಶದ ಸಂತತಿಗೆಲ್ಲ ಹಾಗೆಯೇ ಬರುತ್ತದೆ. ಆದ್ದರಿಂದ ಗೆಡ್ಡೆಯ ಮಾದರಿಯಿಂದ ಆರ್‌ಎನ್‌ಎ ಅಥವಾ ಡಿಎನ್‌ಎ ಅನುಕ್ರಮವನ್ನು ಓದಿದಾಗ, ಬೇರೆ ಉದ್ದೇಶಕ್ಕೆ ಸಂಗ್ರಹಿಸಿದ ದತ್ತಾಂಶದಲ್ಲೂ ಈ ಜೋಡಣೆಗಳನ್ನು ಹೆಕ್ಕಿ ತೆಗೆಯಬಹುದು.

ವೈರಸ್ ಸೋಂಕು ಅಡಗಿದ ಮೇಲೂ ಅದನ್ನು ಎದುರಿಸಿದ ಟಿ ಕೋಶಗಳ ಒಂದಂಶ ಸ್ಮೃತಿಕೋಶಗಳಾಗಿ ವರ್ಷಗಟ್ಟಲೆ ಉಳಿಯುತ್ತದೆ. ಇದಕ್ಕೆ ಅತ್ಯಂತ ಗಾಢವಾದ ನಿದರ್ಶನ ಸೈಟೊಮೆಗಾಲೊವೈರಸ್. ಜಗತ್ತಿನ ವಯಸ್ಕರಲ್ಲಿ ಬಹುಪಾಲು ಜನರಿಗೆ ತಗುಲಿರುವ ಈ ವೈರಸ್ ದೇಹವನ್ನು ಬಿಟ್ಟು ಹೋಗುವುದೇ ಇಲ್ಲ. ಸೋಂಕಿತರ ರಕ್ತದ ಸ್ಮೃತಿ ಟಿ ಕೋಶಗಳಲ್ಲಿ ಸರಾಸರಿ ಹತ್ತರಲ್ಲೊಂದು ಭಾಗ ಇದೊಂದಕ್ಕೇ ಮೀಸಲಾಗಿರುತ್ತದೆ. ಕೆಲವು ಗ್ರಾಹಿಗಳು ಒಬ್ಬರಿಗಿಂತ ಹೆಚ್ಚು ಜನರಲ್ಲಿ ಒಂದೇ ರೂಪದಲ್ಲಿ ಕಾಣುತ್ತವೆ. ಎಚ್‌ಎಲ್‌ಎ-ಎ2 (ಪ್ರೋಟೀನ್ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುವ ಎಚ್‌ಎಲ್‌ಎ ಅಣುಗಳ ಒಂದು ಬಗೆ) ಇರುವವರಲ್ಲಿ ಇನ್‌ಫ್ಲುಯೆಂಜಾದ ಎಂ1 ಪ್ರೋಟೀನಿನ ಒಂದು ತುಣುಕಿಗೆ ಟಿಆರ್‌ಬಿವಿ19 ಎಂಬ ಬೀಟಾ ತುಣುಕು ಬಳಸಿದ ಗ್ರಾಹಿಗಳೇ ಮತ್ತೆ ಮತ್ತೆ ಮುಂದೆ ಬರುತ್ತವೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 600ಕ್ಕೂ ಹೆಚ್ಚು ಜನರ ರಕ್ತದಲ್ಲಿ ಸೈಟೊಮೆಗಾಲೊವೈರಸ್ಸಿಗೆ ಸಂಬಂಧಿಸಿದ 164 ಬೀಟಾ ಅನುಕ್ರಮಗಳನ್ನು ಗುರುತಿಸಿ, ಅವುಗಳ ಆಧಾರದಿಂದಲೇ ಯಾರಿಗೆ ಸೋಂಕು ತಗುಲಿತ್ತೆಂದು ಹೇಳಬಹುದೆಂದು ತೋರಿಸಿತು.

ಗೆಡ್ಡೆಯಲ್ಲಿ ಟಿ ಕೋಶಗಳಿರುವುದು ಒಳ್ಳೆಯ ಸೂಚನೆ ಎಂಬುದನ್ನು 2006ರಲ್ಲಿ ಜೆರೋಮ್ ಗ್ಯಾಲನ್ ಮತ್ತು ಸಂಗಡಿಗರು ಈ ಕ್ಯಾನ್ಸರಿನಲ್ಲೇ ತೋರಿಸಿದ್ದರು: ಟಿ ಕೋಶಗಳ ಬಗೆ, ಸಾಂದ್ರತೆ, ನೆಲೆ ಇವು ರೋಗಿಯ ಮುಂದಿನ ಸ್ಥಿತಿಯನ್ನು ಚೆನ್ನಾಗಿ ಸೂಚಿಸುತ್ತವೆ. ಆದರೆ ಆ ಕೋಶಗಳೆಲ್ಲ ಕ್ಯಾನ್ಸರನ್ನೇ ಗುರಿಯಾಗಿಸಿವೆ ಎಂದು ಭಾವಿಸುವಂತಿಲ್ಲ. ಸಿಂಗಪುರದ ಸಂಶೋಧಕರು 2018ರಲ್ಲಿ ದೊಡ್ಡಕರುಳು ಮತ್ತು ಶ್ವಾಸಕೋಶದ ಗೆಡ್ಡೆಗಳನ್ನು ಪರೀಕ್ಷಿಸಿದಾಗ, ಒಳಗಿದ್ದ ಸಿಡಿ8 ಎಂಬ ಬಗೆಯ ಟಿ ಕೋಶಗಳಲ್ಲಿ ಎಪ್ಸ್ಟೀನ್-ಬಾರ್ ವೈರಸ್, ಸೈಟೊಮೆಗಾಲೊವೈರಸ್, ಇನ್‌ಫ್ಲುಯೆಂಜಾಗಳನ್ನು ಗುರುತಿಸುವವು ಸಿಕ್ಕವು. ಗೆಡ್ಡೆಯನ್ನು ಗುರುತಿಸುವ ಕೋಶಗಳಲ್ಲಿ ನಿರಂತರ ಪ್ರಚೋದನೆಯ ಗುರುತಾದ ಸಿಡಿ39 ಅಣು ಇತ್ತು. ವೈರಸ್ ಗುರಿಯ ಕೋಶಗಳಲ್ಲಿ ಅದು ಇರಲಿಲ್ಲ. ಈ ಎರಡನೆಯ ಬಗೆಯವನ್ನು ಪ್ರೇಕ್ಷಕ ಕೋಶಗಳೆನ್ನುತ್ತಾರೆ.

ಇಲ್ಲಿ ಬಹಳ ಸುಲಭವಾಗಿ ಆಗಬಹುದಾದ ತಪ್ಪು ತೀರ್ಮಾನವನ್ನು ತಡೆಯಬೇಕು. ಗೆಡ್ಡೆಯಲ್ಲಿ ವೈರಸ್ ಗುರಿಯ ಗ್ರಾಹಿ ದೊರೆತ ಮಾತ್ರಕ್ಕೆ ಆ ವೈರಸ್ ಕ್ಯಾನ್ಸರಿಗೆ ಕಾರಣವಾಯಿತೆಂದಾಗಲಿ, ಅದು ಗೆಡ್ಡೆಯೊಳಗೇ ಇದೆಯೆಂದಾಗಲಿ ಹೇಳಲಾಗದು. ರಕ್ತದಲ್ಲಿ ಸಂಚರಿಸುವ ಸ್ಮೃತಿಕೋಶಗಳು ಉರಿಯೂತವಿರುವ ಯಾವುದೇ ಅಂಗಾಂಶಕ್ಕೆ ಹರಿದುಬರುತ್ತವೆ. ದೊಡ್ಡಕರುಳಿನ ಗೆಡ್ಡೆಗಳಲ್ಲಿ ಜೆಸಿ ವೈರಸ್ಸಿನ ಡಿಎನ್‌ಎ ಇದೆಯೆಂದು 1999ರಲ್ಲಿ, ಸೈಟೊಮೆಗಾಲೊವೈರಸ್ಸಿನ ಕುರುಹುಗಳಿವೆಯೆಂದು 2002ರಲ್ಲಿ ವರದಿಗಳು ಬಂದವು. ಮುಂದಿನ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ, ಕಾರಣಸಂಬಂಧ ಸ್ಥಾಪಿತವಾಗಲಿಲ್ಲ. ಗುದದ್ವಾರದ ಕ್ಯಾನ್ಸರಿಗೆ ಪ್ಯಾಪಿಲೋಮಾ ವೈರಸ್ ಕಾರಣವೆಂಬುದು ಖಚಿತ. ಆದರೆ ಅದು ಬೇರೆಯೇ ರೋಗ.

ಅಳತೆಯ ತೊಡಕುಗಳೂ ಇವೆ. ಇಡೀ ಗೆಡ್ಡೆಯ ಆರ್‌ಎನ್‌ಎ ಅಳೆದಾಗ ಗ್ರಾಹಿ ಜೀನ್‌ಗಳ ಅಭಿವ್ಯಕ್ತಿ ಏರಿದ್ದು ಕಂಡರೆ, ಅದಕ್ಕೆ ಕೋಶಗಳ ಚಟುವಟಿಕೆ ಹೆಚ್ಚಿದ್ದಕ್ಕಿಂತ ಅವುಗಳ ಸಂಖ್ಯೆ ಹೆಚ್ಚಿದ್ದೇ ಕಾರಣವಿರಬಹುದು. ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟ ಗೆಡ್ಡೆಗಳಲ್ಲಿ (ಒಟ್ಟು ಪ್ರಕರಣಗಳಲ್ಲಿ ಸುಮಾರು ಶೇ. 15) ಟಿ ಕೋಶಗಳು ಸಹಜವಾಗಿಯೇ ಹೆಚ್ಚು. ಅನುಕ್ರಮ ಹೊಂದಿಕೆಯಿಂದ ಗುರಿಯನ್ನು ಊಹಿಸುವಾಗ ರೋಗಿಯ ಎಚ್‌ಎಲ್‌ಎ ಬಗೆ ತಿಳಿದಿರಬೇಕು. ಬೀಟಾ ಸರಪಣಿಯೊಂದೇ ಸಿಕ್ಕಿದ್ದರೆ ಊಹೆ ಇನ್ನಷ್ಟು ದುರ್ಬಲ. ಒಂದೊಂದೇ ಕೋಶವನ್ನು ಪ್ರತ್ಯೇಕವಾಗಿ ಓದುವ ವಿಧಾನಗಳು ಎರಡೂ ಸರಪಣಿಗಳನ್ನು ಜೋಡಿಯಾಗಿ ಕೊಡುವುದರಿಂದ ಹೆಚ್ಚು ನಂಬಿಕೆಗೆ ಅರ್ಹ.

ವೈರಸ್ ಸಂಶೋಧನೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಬಂದ ನೆರವು ದೊಡ್ಡದು. 1992ರಲ್ಲಿ ಟಸುಕು ಹೊಂಜೊ ಅವರ ತಂಡ ಕಂಡುಹಿಡಿದ ಪಿಡಿ-1 ಗ್ರಾಹಿ, ದೀರ್ಘಕಾಲದ ಸೋಂಕಿನಲ್ಲಿ ಬಳಲಿದ ಟಿ ಕೋಶಗಳನ್ನು ಹೇಗೆ ತಡೆಹಿಡಿಯುತ್ತದೆಂಬುದನ್ನು 2006ರಲ್ಲಿ ರಫಿ ಅಹ್ಮದ್ ಅವರ ತಂಡ ಇಲಿಗಳಲ್ಲಿ ತೋರಿಸಿತು. ಪಿಡಿ-1 ತಡೆಯುವ ಪೆಂಬ್ರೊಲಿಜುಮ್ಯಾಬ್ ಔಷಧಿ, ಡಿಎನ್‌ಎ ತಿದ್ದುವಿಕೆ ಕೆಟ್ಟ ಮುಂದುವರಿದ ಗೆಡ್ಡೆಗಳಿಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಪ್ರೇಕ್ಷಕ ಕೋಶಗಳನ್ನೇ ಬಳಸುವ ಪ್ರಯತ್ನವೂ ನಡೆದಿದೆ. ವೈರಸ್ ಪ್ರೋಟೀನಿನ ತುಣುಕನ್ನು ಗೆಡ್ಡೆಯೊಳಗೆ ಚುಚ್ಚಿದರೆ ಅಲ್ಲಿದ್ದ ಸ್ಮೃತಿಕೋಶಗಳು ಎಚ್ಚೆತ್ತು ಉಳಿದ ರೋಗನಿರೋಧಕ ಕೋಶಗಳನ್ನೂ ಪ್ರಚೋದಿಸಿ ಗೆಡ್ಡೆಯ ಬೆಳವಣಿಗೆಯನ್ನು ತಗ್ಗಿಸುತ್ತವೆಂದು 2019ರ ಇಲಿ ಪ್ರಯೋಗಗಳು ತೋರಿಸಿವೆ.