ಒಂದೇ ಮನೆ, ಒಂದೇ ವೈರಸ್

2021ರ ಏಪ್ರಿಲ್. ವೈಟ್‌ಫೀಲ್ಡಿನ ನಮ್ಮ ಮನೆಯಲ್ಲಿ ಅಮ್ಮನಿಗೆ ಎರಡು ದಿನ ಕೆಮ್ಮು. ಗಟ್ಟಿಮುಟ್ಟಾಗಿದ್ದ ಅಣ್ಣನಿಗೆ ಆಕ್ಸಿಜನ್. ಯಾಕೆ ಹೀಗೆ?

ಉತ್ತರದ ಒಂದು ಎಳೆ 1957ರ ಲಂಡನ್ನಿನಲ್ಲಿದೆ. ಐಸಾಕ್ಸ್ ಮತ್ತು ಲಿಂಡೆನ್‌ಮನ್, ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯೊಳಗಿನ ಪೊರೆಗೆ ಸೋಕಿಸಿದರು. ಪೊರೆ ಹೊರಬಿಟ್ಟ ಏನೋ ಒಂದು, ಬೇರೆ ಪೊರೆಯಲ್ಲಿ ಜೀವಂತ ವೈರಸ್ ಬೆಳೆಯದಂತೆ ತಡೆಯಿತು. ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು: ಸೋಂಕು ತಗುಲಿದ ಜೀವಕೋಶ ನೆರೆಹೊರೆಯನ್ನು ಎಚ್ಚರಿಸಲು ಹಾಕುವ ಕೂಗು, ಪ್ರೋಟೀನಿನ ರೂಪದಲ್ಲಿ.

2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೋವಿಡ್ ನ್ಯುಮೋನಿಯಾದಿಂದ ಪ್ರಾಣಾಪಾಯಕ್ಕೆ ಸಿಲುಕಿದ್ದ 987 ಮಂದಿಯ ಪೈಕಿ 101 ಮಂದಿಯ ರಕ್ತದಲ್ಲಿ ಆ ಕೂಗನ್ನೇ ಅಡಗಿಸುವ ಪ್ರತಿಕಾಯಗಳಿದ್ದವು. ಅವರದೇ ದೇಹ ತಯಾರಿಸಿದವು! 101ರಲ್ಲಿ 95 ಮಂದಿ ಗಂಡಸರು.

ಅಣ್ಣನ ರಕ್ತದಲ್ಲಿ ಅದನ್ನು ಯಾರೂ ಹುಡುಕಲಿಲ್ಲ. ಬದುಕಿ ಬಂದ, ಈಗಲೂ ಮೆಟ್ಟಿಲ ಮಧ್ಯೆ ನಿಲ್ಲುತ್ತಾನೆ. ಅಮ್ಮ ಮಾತ್ರ, ‘ನಾನು ಕಷಾಯ ಕುಡಿದಿದ್ದೆ’ ಅನ್ನುತ್ತಾಳೆ.