ಪಗಾರ ಶಬ್ದದ ವಿಚಾರ

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ತುಂಗಭದ್ರೆಯ ಬಲದಂಡೆಯ ಸೀಮೆಗೆ ಸೇರಿದ ಗ್ರಾಮ. 1953ರವರೆಗೆ ಈ ಭಾಗವು ಮದರಾಸಿನ ಆಡಳಿತಕ್ಕೊಳಪಟ್ಟ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. ಹೊಳೆಯಾಚೆಯ ಧಾರವಾಡ ಜಿಲ್ಲೆಯು 1956ರವರೆಗೆ ಮುಂಬಯಿಗೆ ಸೇರಿದ್ದಿತು. ಮುಂಬಯಿ ಕರ್ನಾಟಕದ ನೌಕರನು ತಿಂಗಳಿಗೊಮ್ಮೆ ಎಣಿಸಿಕೊಳ್ಳುತ್ತಿದ್ದುದು 'ಪಗಾರ'. ತೆಂಕಣ ಜಿಲ್ಲೆಗಳವನಿಗೆ ಅದೇ ಹಣ 'ಸಂಬಳ'. ಮೊದಲನೆಯದು ಪರಕೀಯ, ಎರಡನೆಯದು ಅಚ್ಚಗನ್ನಡ ಎಂಬ ನಂಬಿಕೆಯನ್ನು ಈ ಗಡಿಸೀಮೆಯಲ್ಲಿ ನಿಂತು ಪರೀಕ್ಷಿಸುವುದು ಉಚಿತವೆಂದು ನಮಗೆ ತೋರುತ್ತದೆ.

'ಪಗಾರ್' ಎಂಬುದು ಪೋರ್ಚುಗೀಸ್ ಕ್ರಿಯಾಪದ. ಹಣ ಸಲ್ಲಿಸುವುದೆಂದು ಅದರ ಅರ್ಥ. 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ಮೇಲೆ ಅದು ಕರಾವಳಿಯ ಭಾಷೆಗಳಿಗಿಳಿದು, ಮರಾಠಿಯ ಮೂಲಕ ಘಟ್ಟದ ಮೇಲಣ ಕನ್ನಡಕ್ಕೆ ಬಂದಿತೆಂದು ತಿಳಿಯುವುದು ಯುಕ್ತ. ಕ್ರಿಯೆಯು ನಮ್ಮಲ್ಲಿ ನಾಮಪದವಾಯಿತು. ಅರ್ಥವೂ ತಿಂಗಳ ವೇತನಕ್ಕೆ ಸಂಕೋಚಗೊಂಡಿತು. (ಪ್ರಾಕಾರದ ತದ್ಭವವಾಗಿ ಗೋಡೆಯೆಂಬ ಅರ್ಥವುಳ್ಳ 'ಪಾಗಾರ'ಕ್ಕೂ ಇದಕ್ಕೂ ನಂಟಿಲ್ಲ.)

ಇದರ ಮೂಲ ಲ್ಯಾಟಿನ್ನಿನ 'ಪಾಕಾರೆ'. ಶಾಂತಿವಾಚಕವಾದ 'ಪಾಕ್ಸ್' ಶಬ್ದದಿಂದ ಹುಟ್ಟಿದ ಇದಕ್ಕೆ ಸಮಾಧಾನಪಡಿಸು ಎಂದರ್ಥ. ಸಾಲ ಕೊಟ್ಟವನನ್ನು ಸಮಾಧಾನಪಡಿಸುವುದೇ ಹಣ ತೀರಿಸುವುದೆಂದಾಯಿತು. ಇಟಾಲಿಯನ್ನಿನ 'ಪಗಾರೆ', ಸ್ಪ್ಯಾನಿಷ್ 'ಪಗಾರ್', ಫ್ರೆಂಚ್ 'ಪೇಯೆ' ಇದರ ಸಂತಾನ. ಇಂಗ್ಲಿಷಿನ 'ಪೇ' ಫ್ರೆಂಚಿನಿಂದ ಹೋದುದು. ಅದೇ ಕುಲದ ರುಮೇನಿಯನ್ನಿನಲ್ಲಿ 'ಇಂಪಕ' ಎಂದರೆ ಇಂದಿಗೂ ರಾಜಿ ಮಾಡಿಸುವುದು. ಹಣ ಸಲ್ಲಿಸುವುದಕ್ಕೆ ಆ ಜನ ಸ್ಲಾವ್ ಶಬ್ದವನ್ನು ತಂದುಕೊಂಡರು.

ಇಂಗ್ಲಿಷಿನಲ್ಲಿ ಇನ್ನೊಂದು 'ಪೇ' ಉಂಟು: ಹಡಗಿನ ಹಲಗೆಗಳ ಸಂದಿಗೆ ರಾಳ ಬಳಿಯುವುದು. ಇದು ರಾಳವೆಂಬರ್ಥದ 'ಪಿಕ್ಸ್' ಶಬ್ದದಿಂದಾದ 'ಪಿಕಾರೆ'ಯ ರೂಪ. ಸ್ಪ್ಯಾನಿಷಿನಲ್ಲಿ ಈ ಎರಡನೆಯದು 'ಪೆಗಾರ್' ಆಗಿ, ಅಂಟಿಸು ಎಂಬರ್ಥದಲ್ಲಿ, 'ಪಗಾರ್'ನಿಂದ ಬೇರೆಯಾಗಿಯೇ ಉಳಿಯಿತು. ಇಂಗ್ಲಿಷಿನಲ್ಲಿ ಎರಡೂ ಒಂದೇ ಉಚ್ಚಾರಕ್ಕೆ ಸವೆದವು. ರೂಪಸಾಮ್ಯವನ್ನು ನೆಚ್ಚಿ ಮೂಲವನ್ನು ಹೇಳುವವರು ಇದನ್ನು ಗಮನಿಸಬೇಕು.

ಇನ್ನು 'ಸಂಬಳ'. ಇದು ಸಂಸ್ಕೃತದ 'ಶಂಬಲ', ಅರ್ಥಾತ್ ದಾರಿಯ ಬುತ್ತಿ. ಆದುದರಿಂದ ಪಗಾರವನ್ನು ಹೊರಗಿನದೆಂದು ತಳ್ಳಿ ಸಂಬಳವನ್ನು ನಮ್ಮದೆಂದು ಮೆರೆಸುವುದು ವಿಚಾರಕ್ಕೆ ನಿಲ್ಲದು. ಒಂದು ಮುಂಚೆ ಬಂದಿತು, ಒಂದು ತಡವಾಗಿ ಬಂದಿತು, ಅಷ್ಟೆ. ಹಳಗನ್ನಡದಲ್ಲಿ ಒಡೆಯನ ಸೇವೆಗೆ ಸಲ್ಲುತ್ತಿದ್ದ ವೇತನ 'ಜೀತ'. ಅದೂ 'ಜೀವಿತ'ದ ತದ್ಭವವೇ. ಅಂದು ವೀರಭಟನಿಗೆ ಮರ್ಯಾದೆಯಾಗಿದ್ದ ಆ ಶಬ್ದವು ಕಾಲಕ್ರಮದಲ್ಲಿ ಸಾಲದಾಳಿನ ದುಡಿಮೆಗೆ ಹೆಸರಾಯಿತು; ಆ ಪದ್ಧತಿಯನ್ನು 1976ರ ಕಾನೂನು ರದ್ದುಪಡಿಸಿತು. ದ್ರಾವಿಡ ಮೂಲದ್ದೆನ್ನಬಹುದಾದ 'ಕೂಲಿ'ಯಾದರೋ ದಿನಗೆಲಸದವನ ಪಾಲಿಗೆ ಉಳಿದಿದೆ. ಅಚ್ಚಗನ್ನಡದ ಅಭಿಮಾನಿಯಾದ ನೌಕರನೂ ತನ್ನ ವೇತನವನ್ನು ಆ ಹೆಸರಿನಿಂದ ಕರೆಯಲೊಪ್ಪುವುದಿಲ್ಲ.