ಗೋ (ಇಂಗ್ಲಿಷ್ ಕ್ರಿಯಾಪದ)

ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಿಯಾಪದಗಳಲ್ಲೊಂದು, ಮೂಲಾರ್ಥ ‘ಹೋಗು’. ಮಾತಾಡುವವರು ಇರುವ ಕಡೆಯಿಂದ ಆಚೆಗೆ ಸಾಗುವುದನ್ನು ಇದು ಹೇಳುತ್ತದೆ. ಇತ್ತ ಬರುವುದಕ್ಕೆ ‘ಕಮ್’ ಇದೆ. ಭಾಷಾ ಚರಿತ್ರೆಯ ದೃಷ್ಟಿಯಿಂದ ಈ ಪದದ ಸ್ವಾರಸ್ಯವೆಲ್ಲ ಅದರ ಭೂತಕಾಲದ ರೂಪವಾದ ‘ವೆಂಟ್’ನಲ್ಲಿದೆ. ಅದು ಬೇರೊಂದು ಧಾತುವಿನಿಂದ ಬಂದದ್ದು.

ಮೂಲ

ಹಳೆಯ ಇಂಗ್ಲಿಷ್‌ನಲ್ಲಿ ಇದರ ರೂಪ ‘ಗಾನ್’. ಜರ್ಮನ್ನಿನ ‘ಗೇಯೆನ್’ ಇದರ ಸೋದರ ಪದ. ಸಂಸ್ಕೃತ ಬಲ್ಲವರಿಗೆ ತಟ್ಟನೆ ‘ಗಮ್’ ಧಾತು ನೆನಪಾಗುತ್ತದೆ. ಆದರೆ ‘ಗೋ’ಗೂ ‘ಗಮನ’ಕ್ಕೂ ನಂಟಿಲ್ಲ. ಯಾಕೋಬ್ ಗ್ರಿಮ್ 1822ರಲ್ಲಿ ನಿರೂಪಿಸಿದ ಧ್ವನಿನಿಯಮದಂತೆ, ಸಂಸ್ಕೃತದ ಗಕಾರವಿರುವ ಇಂಥ ಪದಗಳಿಗೆ ಇಂಗ್ಲಿಷ್‌ನಲ್ಲಿ ಸಿಗುವುದು ಕಕಾರ: ಅಲ್ಲಿ ಗೋವು, ಇಲ್ಲಿ ‘ಕೌ’. ಹಾಗಾಗಿ ‘ಗಮ್’ನ ಸೋದರ ‘ಕಮ್’. ಇಂಗ್ಲಿಷ್‌ನ ಗಕಾರಕ್ಕೆ ಸಂಸ್ಕೃತದಲ್ಲಿ ಹಲವೆಡೆ ಹಕಾರ ಎದುರಾಗುತ್ತದೆ. ‘ಗೂಸ್’ ಮತ್ತು ಹಂಸ ಇದಕ್ಕೆ ಹೆಸರಾದ ಜೋಡಿ. ಈ ಜಾಡು ಹಿಡಿದರೆ ‘ಗೋ’ಗೆ ಸಿಗುವ ಬಂಧು ‘ಹಾ’ ಧಾತು. ‘ಜಹಾತಿ’, ಎಂದರೆ ಬಿಟ್ಟುಹೋಗುತ್ತಾನೆ, ಅದರ ರೂಪ. ಕನ್ನಡಕ್ಕೆ ಬಂದಿರುವ ‘ಹಾನಿ’, ‘ಹೀನ’ ಅದರಿಂದಲೇ ಹುಟ್ಟಿದವು. ಈ ನಂಟನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರಾದರೂ ಅದು ಮರುರಚಿತ ಧಾತುವಿನ ಮೇಲೆ ನಿಂತಿದೆ ಎಂಬುದನ್ನು ಮರೆಯುವಂತಿಲ್ಲ.

ಭೂತಕಾಲದ ರೂಪಗಳು

ದಾಖಲೆಗಳಲ್ಲಿ ಕಾಣಿಸಿಕೊಂಡ ಕಾಲದಿಂದಲೂ ಇಂಗ್ಲಿಷ್‌ನ ಈ ಕ್ರಿಯಾಪದಕ್ಕೆ ಸ್ವಂತದ ಭೂತರೂಪ ಇರಲಿಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ‘ಹೋದನು’ ಎನ್ನಲು ಬಳಕೆಯಲ್ಲಿದ್ದದ್ದು ‘ಏಓದೆ’. 4ನೇ ಶತಮಾನದಲ್ಲಿ ವುಲ್ಫಿಲ ಗೋಥಿಕ್ ಭಾಷೆಗೆ ತಂದ ಬೈಬಲ್ಲಿನಲ್ಲೂ ‘ಗಂಗನ್’ ಎಂಬ ಕ್ರಿಯಾಪದದ ಭೂತರೂಪ ‘ಇದ್ಯ’. ಎರಡನ್ನೂ ಸಾಮಾನ್ಯವಾಗಿ ‘ಇ’ ಧಾತುವಿಗೆ, ಅಂದರೆ ಸಂಸ್ಕೃತದ ‘ಏತಿ’ಯ ಧಾತುವಿಗೆ, ಜೋಡಿಸುತ್ತಾರೆ, ರೂಪದ ವಿವರಗಳಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ.

ಸಂಸ್ಕೃತದಲ್ಲಿ ಇದೇ ‘ಇ’ ಧಾತುವಿಗೂ ಒಂದು ಭೂತರೂಪದ ಕೊರತೆಯಿತ್ತು. ಪಾಣಿನಿಯ ಅಷ್ಟಾಧ್ಯಾಯಿಯ 2.4.45ನೇ ಸೂತ್ರ ಲುಙ್ ಎಂಬ ಭೂತಕಾಲದ ಲಕಾರದಲ್ಲಿ ‘ಇ’ಯ ಜಾಗಕ್ಕೆ ‘ಗಾ’ ಆದೇಶವನ್ನು ವಿಧಿಸುತ್ತದೆ. ‘ಏತಿ’ ಹೋಗುತ್ತಾನೆ, ‘ಅಗಾತ್’ ಹೋದನು. ಈ ‘ಗಾ’ ಮೂಲದಲ್ಲಿ ‘ಗೋ’ ಅಲ್ಲ, ಮೇಲೆ ಹೇಳಿದ ಗಕಾರದ ಗುಂಪಿಗೆ ಸೇರಿದ್ದು. ಹೋಲಿಕೆ ಇರುವುದು ಧಾತುವಿನಲ್ಲಲ್ಲ, ಕೊರತೆ ತುಂಬಿಕೊಂಡ ಬಗೆಯಲ್ಲಿ. ಫ್ರೆಂಚ್‌ನ ‘ಹೋಗು’ ಕೂಡ ಒಂದಕ್ಕಿಂತ ಹೆಚ್ಚು ಲ್ಯಾಟಿನ್ ಕ್ರಿಯಾಪದಗಳನ್ನು ಕೂಡಿಸಿ ಕಟ್ಟಿದ್ದು. ಕನ್ನಡದ ‘ಹೋಗು’ ಹಾಗಲ್ಲ: ಪೋಗು–ಪೋದಂ, ಹೋಗು–ಹೋದನು ಎಂದು ಅದೇ ಧಾತು ಉಳಿದುಬಂದಿದೆ.

‘ಏಓದೆ’ ಮುಂದೆ ‘ಯೇದೆ’, ‘ಯೋದ್’ ಎಂದಾಯಿತು. ಅಷ್ಟರಲ್ಲಿ ತಿರುಗು, ಹೊರಳಿ ಸಾಗು ಎಂಬ ಅರ್ಥದ ‘ವೆಂಡ್’ನ ಭೂತರೂಪ ‘ವೆಂಟ್’ ಆ ಜಾಗಕ್ಕೆ ಬರತೊಡಗಿತು. ‘ಸೆಂಡ್’ಗೆ ‘ಸೆಂಟ್’, ‘ಬೆಂಡ್’ಗೆ ‘ಬೆಂಟ್’ ಇದ್ದಂತೆಯೇ ‘ವೆಂಡ್’ಗೆ ‘ವೆಂಟ್’. 14ನೇ ಶತಮಾನದ ಚಾಸರ್ ಹಳತು ಹೊಸತು ಎರಡನ್ನೂ ಬಳಸಿದ್ದಾನೆ. ಎಡ್ಮಂಡ್ ಸ್ಪೆನ್ಸರ್ 1590ರ ‘ಫೇರಿ ಕ್ವೀನ್’ ಕಾವ್ಯಕ್ಕೆ ಹಳೆಗಾಲದ ಸೊಗಡು ತರಲು ‘ಯೇದ್’ ಅನ್ನು ಮತ್ತೆ ಎತ್ತಿಕೊಂಡ. ಆದರೆ ಅದು ಭೂತರೂಪವೆಂಬ ಅರಿವು ಆಗಲೇ ಮಾಸಿತ್ತು. ಅವನು ಅದನ್ನು ‘ಹೋಗಲು’ ಎಂಬಲ್ಲಿ ಪ್ರಯೋಗಿಸಿದ. ಸ್ಕಾಟ್ಲೆಂಡ್ ‘ವೆಂಟ್’ ಎಂಬ ಸಾಲವನ್ನು ಒಪ್ಪಿಕೊಳ್ಳದೆ ತನ್ನದೇ ‘ಗೇಡ್’ ರೂಪ ಕಟ್ಟಿಕೊಂಡಿತು. ಭೂತರೂಪ ಕಳೆದುಕೊಂಡ ‘ವೆಂಡ್’ಗೆ ‘ವೆಂಡೆಡ್’ ಬಂತು.

ಹಳೆಯ ಇಂಗ್ಲಿಷ್‌ನಲ್ಲಿ ಇದೇ ಅರ್ಥದ ‘ಗಂಗನ್’ ಎಂಬ ಇನ್ನೊಂದು ಕ್ರಿಯಾಪದವೂ ಇತ್ತು. ನಡಿಗೆ, ದಾರಿ ಎಂಬ ಅರ್ಥದ ಅದರ ನಾಮಪದ ಕ್ರಮೇಣ ಕೂಡಿ ದುಡಿಯುವವರ ಗುಂಪಿಗೆ ಹೆಸರಾಯಿತು. ರೈಲು ಹಳಿ ಕಾಯುವ ನಮ್ಮ ಗ್ಯಾಂಗ್‌ಮನ್‌ಗಳ ಹೆಸರಿನಲ್ಲಿ ಅದು ಕನ್ನಡದಲ್ಲೂ ಬದುಕಿದೆ.

ಅರ್ಥವಿಸ್ತಾರ

ಯಂತ್ರ ನಡೆಯುವುದು, ಹಣ ಖರ್ಚಾಗುವುದು, ಹಸು ‘ಅಂಬಾ’ ಎನ್ನುವುದು, ಎಲ್ಲಕ್ಕೂ ‘ಗೋ’ ಒದಗುತ್ತದೆ. ಸ್ಥಿತಿ ಬದಲಾವಣೆಯ ಅರ್ಥ ಹೆಚ್ಚು ಗಮನಾರ್ಹ. ಹಾಲು ಕೆಟ್ಟರೆ, ಕಣ್ಣು ಕುರುಡಾದರೆ ‘ಗೋ’. ಕನಸು ನನಸಾದರೆ ‘ಕಮ್’. ಸಹಜ ಸ್ಥಿತಿಯಿಂದ ದೂರ ಸರಿಯುವುದಕ್ಕೆ ಒಂದು, ಅದರತ್ತ ಬರುವುದಕ್ಕೆ ಇನ್ನೊಂದು ಎಂದು ಭಾಷಾವಿಜ್ಞಾನಿ ಈವ್ ಕ್ಲಾರ್ಕ್ 1974ರಲ್ಲಿ ವಿವರಿಸಿದರು. ಕನ್ನಡದ ‘ಕೆಟ್ಟುಹೋಯಿತು’, ‘ಒಡೆದುಹೋಯಿತು’ಗಳನ್ನು ಇದರೊಂದಿಗೆ ಇಟ್ಟು ನೋಡಬಹುದು.

ಭವಿಷ್ಯತ್ತನ್ನು ಸೂಚಿಸುವ ‘ಗೋಯಿಂಗ್ ಟು’ 15ನೇ ಶತಮಾನದ ಕೊನೆಯ ಹೊತ್ತಿಗೆ ತಲೆದೋರುತ್ತದೆ. ಜೋಶುವಾ ಪೂಲ್ 1646ರ ತನ್ನ ವ್ಯಾಕರಣದಲ್ಲಿ ಇದನ್ನು ಭವಿಷ್ಯತ್ತಿನ ಗುರುತೆಂದೇ ದಾಖಲಿಸಿದ್ದಾನೆ. ಒಂದು ಕೆಲಸಕ್ಕೆಂದು ಹೊರಟವನು ಅದನ್ನು ಮಾಡುವ ಉದ್ದೇಶದವನೂ ಹೌದು; ನಡಿಗೆ ಬಿದ್ದುಹೋಗಿ ಉದ್ದೇಶವಷ್ಟೇ ಉಳಿಯಿತು, ಆಮೇಲೆ ಅದೂ ಕಡ್ಡಾಯವಾಗಲಿಲ್ಲ. ‘ಏನೋ ಹೇಳಲು ಹೋದವಳು ಸುಮ್ಮನಾದಳು’ ಎನ್ನುವ ಕನ್ನಡ ವಾಕ್ಯದಲ್ಲೂ ಯಾರೂ ಕಾಲು ಕಿತ್ತಿಡುವುದಿಲ್ಲ. ಆದರೆ ಮೋಡ ಕವಿದಾಗ ಇಂಗ್ಲಿಷಿನವರು ಮಳೆಗೂ ‘ಗೋಯಿಂಗ್ ಟು’ ಹಚ್ಚುತ್ತಾರೆ. ಕನ್ನಡದಲ್ಲಿ ‘ಮಳೆ ಬರುವ ಹಾಗಿದೆ’ ಎನ್ನುವುದೇ ರೂಢಿ.